ಕೊಂಬಿದ್ದರೆ ತುಮಕೂರು

ನನ್ನ ದಿನಚರಿಯನ್ನು ಯಾರೂ ಕದ್ದು ಓದಬಾರದೆಂದು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ನಾನು ಮಾಡಿಕೊಂಡ ಏರ್ಪಾಡು ಎಷ್ಟು ಭದ್ರವಾಗಿತ್ತೆಂದರೆ, ಅರವತ್ತೆರಡರಲ್ಲಿ ಅದು ನನಗೇ ಓದಲು ಬರುತ್ತಿಲ್ಲ.

ಮನೆಗೆ ಬಣ್ಣ ಹೊಡೆಸಲೆಂದು ಅಡುಗೆಮನೆಯ ಸಜ್ಜೆ ಖಾಲಿ ಮಾಡಿಸುತ್ತಿದ್ದೆವು. ತಳ ಸೋರುವ ಇಡ್ಲಿ ಪಾತ್ರೆ, ಯಾರದೋ ಗೃಹಪ್ರವೇಶದಲ್ಲಿ ಕೊಟ್ಟ ಸ್ಟೀಲ್ ಡಬ್ಬಿಗಳು, ಅವುಗಳ ಹಿಂದೆ ನನ್ನ ತಗಡಿನ ಟ್ರಂಕು. ಒಳಗೆ ಎಂಟು ನೋಟ್‌ಬುಕ್ಕುಗಳಿದ್ದವು. ತೆರೆದರೆ ಪುಟದ ತುಂಬ ಸಣ್ಣ ಗೀಟುಗಳು, ಕೊಕ್ಕೆಗಳು, ಕಮಾನುಗಳು. ಆಡಿದ ಮಾತನ್ನು ಆಡಿದ ವೇಗದಲ್ಲೇ ಬರೆದುಕೊಳ್ಳುವ ಶೀಘ್ರಲಿಪಿ ಅದು; ನಾವೆಲ್ಲ ಶಾರ್ಟ್‌ಹ್ಯಾಂಡ್ ಎನ್ನುತ್ತಿದ್ದುದು. ತುಮಕೂರಿನ ಒಂದು ಕಚೇರಿಯಲ್ಲಿ ಮೂವತ್ತಾರು ವರ್ಷ ನಾನು ಸ್ಟೆನೋ ಆಗಿದ್ದೆ. ಒಂದು ಕಾಲದಲ್ಲಿ ನಿಮಿಷಕ್ಕೆ ನೂರಿಪ್ಪತ್ತು ಪದ ನನ್ನ ಪೆನ್ಸಿಲ್ಲಿನ ಕೆಳಗೆ ಹರಿದುಹೋಗುತ್ತಿದ್ದವು. ಆಮೇಲೆ ಕಂಪ್ಯೂಟರ್ ಬಂತು, ಸಾಹೇಬರುಗಳು ತಾವೇ ಕುಟ್ಟಿಕೊಳ್ಳಲು ಕಲಿತರು, ನನ್ನ ಹುದ್ದೆಯ ಹೆಸರು ಸ್ಟೆನೋ ಎಂದೇ ಉಳಿದು ಕೆಲಸ ಮಾತ್ರ ಟಪಾಲು ವಿಂಗಡಿಸುವುದಕ್ಕೆ ಇಳಿಯಿತು. ಕೊನೆಯ ಇಪ್ಪತ್ತು ವರ್ಷ ನಾನು ಒಂದು ಗೀಟನ್ನೂ ಎಳೆದಿರಲಿಲ್ಲ.

ನಮ್ಮನೆಯವರು ಒಂದು ಪುಟವನ್ನು ನೆಟ್ಟಗೆ ಹಿಡಿದು ನೋಡಿದರು, ತಲೆಕೆಳಗು ಹಿಡಿದು ನೋಡಿದರು, ಸೊಳ್ಳೆ ಹೊಡೆದು ಅಂಟಿಸಿದ ಹಾಗಿದೆ ಎಂದರು. ಆಮೇಲೆ ಫೋನಿನ ಕ್ಯಾಮೆರಾಕ್ಕೆ ಹಿಡಿದು, ಇದು ಏನು ಬೇಕಾದರೂ ಓದುತ್ತದೆ ನೋಡು ಎಂದು ಕಾದರು. ಫೋನು ಸ್ವಲ್ಪ ಹೊತ್ತು ಯೋಚಿಸಿ ಮೆಹೆಂದಿ ಡಿಸೈನುಗಳನ್ನು ತೋರಿಸಿತು.

ನಾನು ನಕ್ಕೆ. ಆದರೆ ರಾತ್ರಿ ಊಟವಾದ ಮೇಲೂ ಆ ಪುಟಗಳು ಕಣ್ಣಿನ ಹಿಂದೆ ಹರಿದಾಡುತ್ತಲೇ ಇದ್ದವು. ಎಂಟು ನೋಟ್‌ಬುಕ್ಕಿನಷ್ಟು ಒಬ್ಬಳು ಹುಡುಗಿ ಅಲ್ಲಿ ಮಾತಾಡುತ್ತಿದ್ದಾಳೆ, ನನಗೆ ತುಟಿ ಅಲ್ಲಾಡುವುದು ಮಾತ್ರ ಕಾಣುತ್ತಿದೆ. ಗಾಜಿನ ಆಚೆ ನಿಂತವರನ್ನು ನೋಡಿದ ಹಾಗೆ.

ಈಚೆಗೆ ನನಗೆ ಎಲ್ಲವೂ ಸ್ವಲ್ಪ ತಡವಾಗಿ ಬರುತ್ತಿದೆ. ಬ್ಯಾಂಕಿನವರು ಕಳಿಸುವ ಆರು ಅಂಕಿಗಳನ್ನು ನೋಡಿಕೊಂಡು ಹಾಕುವಷ್ಟರಲ್ಲಿ ಅವುಗಳ ಆಯುಷ್ಯ ಮುಗಿದಿರುತ್ತದೆ. ಮೊನ್ನೆ ಹಿಟ್ಟು ಜಾಲಿಸಬೇಕಿತ್ತು; ಜಾಲಿಸುವ ಸಾಮಾನು ಕಣ್ಣಿಗೆ ಕಟ್ಟಿದೆ, ಅದರ ಸದ್ದು ಕಿವಿಯಲ್ಲಿದೆ, ಹೆಸರಿಲ್ಲ. ಅದು ಕೊಡಿ, ಅದೇ ಅದು, ತೂತು ತೂತು ಇರುತ್ತಲ್ಲ, ಎಂದೆ. ನಮ್ಮನೆಯವರು ಸೊಳ್ಳೆಪರದೆ ತಂದುಕೊಟ್ಟರು. ಮಧ್ಯಾಹ್ನ ಮೂರಕ್ಕೆ, ಬಟ್ಟೆ ಮಡಚುತ್ತಿರುವಾಗ, ಕರೆಯದೆ ಬಂದ ನೆಂಟರ ಹಾಗೆ ಜರಡಿ ಎಂಬ ಮಾತು ಬಂದು ಎದುರಿಗೆ ಕೂತಿತು. ಆಗ ನನಗೆ ಅದರ ಉಪಯೋಗವಿರಲಿಲ್ಲ.

ನಮ್ಮ ಭಾಷೆಯಲ್ಲಿ ವಿದ್ಯೆಯ ವಿಷಯವನ್ನು ಮಾತಾಡುವುದೂ ಹೀಗೇ ಎಂದು ಆ ಬಟ್ಟೆಗಳ ನಡುವೆ ಕೂತು ಹೊಳೆಯಿತು. ಈಜು ಬರುತ್ತಾ? ಸೈಕಲ್ ಬರುತ್ತಾ? ಓದೋಕೆ ಬರುತ್ತಾ? ಎಂಥ ವಿದ್ಯೆಯಾದರೂ ಅದೇ ನಮ್ಮ ಬಳಿ ಬರಬೇಕು. ಚಿಕ್ಕವರ ಮನೆಗೆ ಅದು ಚಪ್ಪಲಿಯೂ ಬಿಡದೆ ಓಡಿಬರುತ್ತದೆ. ನಮ್ಮಂಥವರ ಮನೆಗೆ ಕೋಲೂರಿಕೊಂಡು, ಅರ್ಧ ದಾರಿಯಲ್ಲಿ ಜಗಲಿ ಸಿಕ್ಕಿದರೆ ಕೂತು, ಯಾರ ಮನೆಗೆ ಹೊರಟಿದ್ದೆ ಎಂದು ಯೋಚಿಸಿ, ಆಮೇಲೆ ಬರುತ್ತದೆ.

ಎಂಟು ನೋಟ್‌ಬುಕ್ಕಿನ ಆ ಹುಡುಗಿಯ ಮಾತು ಕೇಳಬೇಕೆಂದರೆ ನಾನು ಶಾರ್ಟ್‌ಹ್ಯಾಂಡನ್ನು ಮೊದಲಿನಿಂದ ಕಲಿಯಬೇಕಿತ್ತು. ಕಲಿಸುವವರು ಯಾರು? ತುಮಕೂರಿನ ಒಂದು ಮಹಡಿಯ ಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ನಮ್ಮ ಮೇಷ್ಟ್ರು ಇದ್ದಾರೋ ಇಲ್ಲವೋ ಎಂದು ವಿಚಾರಿಸಿದೆ. ಇದ್ದಾರೆ, ಗುಬ್ಬಿಯಲ್ಲಿ ಮಗನ ಮನೆಯಲ್ಲಿ, ಎಂಬತ್ತನಾಲ್ಕು ವರ್ಷ ಎಂದು ತಿಳಿಯಿತು.

ಹೀಗೆ ಶುರುವಾದವು ನನ್ನ ಗುರುವಾರಗಳು. ಮಧ್ಯಾಹ್ನದ ಪ್ಯಾಸೆಂಜರ್ ರೈಲು, ಕಿಟಕಿಯ ಪಕ್ಕದ ಸೀಟು, ಬ್ಯಾಗಿನಲ್ಲಿ ಎರಡು ಪೆನ್ಸಿಲ್ಲು. ತುಮಕೂರು ಹಿಂದಾಗುತ್ತಲೇ ತೆಂಗಿನ ತೋಟಗಳು ಬರುತ್ತವೆ. ಮಧ್ಯಾಹ್ನದ ಬಿಸಿಲು ಗರಿಗಳ ಸಂದಿಯಲ್ಲಿ ಗೀಟು ಗೀಟಾಗಿ ಇಳಿಯುವುದನ್ನು ನೋಡುತ್ತಿದ್ದರೆ ಅದೂ ಯಾರೋ ಬರೆದ ಲಿಪಿಯಂತೆ ಕಾಣಿಸುತ್ತದೆ. ಇದೂ ಒಂದು ಕಾಲದಲ್ಲಿ ನನಗೆ ಓದಲು ಬರುತ್ತಿತ್ತೇನೋ ಎಂದುಕೊಳ್ಳುತ್ತ ತೂಕಡಿಸುತ್ತೇನೆ. ಒಂದು ಸಲ ಹಾಗೆಯೇ ನಿದ್ದೆ ಹತ್ತಿ ಗುಬ್ಬಿ ದಾಟಿಹೋಗಿ, ನಿಟ್ಟೂರಿನಲ್ಲಿ ಇಳಿದು, ಬಸ್ಸಿನಲ್ಲಿ ವಾಪಸು ಬಂದೆ. ಅದನ್ನು ಮನೆಯಲ್ಲಿ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ.

ಮೇಷ್ಟ್ರು ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಎದುರು ಅಂಗಳದಲ್ಲಿ ಕೊಬ್ಬರಿ ಒಣಗಲು ಹಾಕಿರುತ್ತಿದ್ದರು. ಅದರ ಎಣ್ಣೆವಾಸನೆಯಲ್ಲಿ ಇಡೀ ಮಧ್ಯಾಹ್ನ ಜಾರುಜಾರಾಗಿರುತ್ತಿತ್ತು. ಮೊದಲ ದಿನ ನನ್ನನ್ನು ನೋಡಿ ಅವರ ಮುಖ ಅರಳಿತು. ಬಾಮ್ಮ ಸರೋಜ ಎಂದರು. ನನ್ನ ಹೆಸರು ನಾಗರತ್ನ. ಸರೋಜ ನನ್ನ ಬ್ಯಾಚಿನಲ್ಲೇ ಇದ್ದವಳು, ನನಗಿಂತ ನಿಧಾನ. ತಿದ್ದಲು ಮನಸ್ಸು ಬರಲಿಲ್ಲ. ಮೂರು ವಾರ ಸರೋಜಳಾಗಿಯೇ ಪಾಠ ಹೇಳಿಸಿಕೊಂಡೆ. ಸರೋಜಾ, ನೀನು ಮೊದಲಿನಿಂದಲೂ ಸ್ವಲ್ಪ ನಿಧಾನ ಎಂದು ಅವರು ಹೇಳಿದಾಗ ಸಿಟ್ಟೂ ಬರಲಿಲ್ಲ, ಯಾಕೆಂದರೆ ಅವರು ನೋಡುತ್ತಿದ್ದ ಕೈ ನಿಜಕ್ಕೂ ಸರೋಜಳದೇ ಆಗಿತ್ತು. ನಾಲ್ಕನೆಯ ವಾರ ಅವರೇ ಥಟ್ಟನೆ ಬರೆಯುವುದನ್ನು ನಿಲ್ಲಿಸಿ, ನೀನು ನಾಗರತ್ನ ಅಲ್ವೇನಮ್ಮ, ಯಾಕೆ ಹೇಳ್ಲಿಲ್ಲ ಎಂದು ಗದರಿದರು.

ಇಬ್ಬರು ಮುದುಕರ ತರಗತಿ ಹೇಗಿರುತ್ತದೆಂದು ಊಹಿಸಿಕೊಳ್ಳಿ. ಅವರು ಪತ್ರಿಕೆಯಿಂದ ಕೊಬ್ಬರಿ ಧಾರಣೆಯ ಸುದ್ದಿ ಓದಿ ಡಿಕ್ಟೇಷನ್ ಕೊಡುವುದು, ನಿಮಿಷಕ್ಕೆ ಇಪ್ಪತ್ತು ಪದ. ಒಮ್ಮೊಮ್ಮೆ ವಾಕ್ಯದ ನಡುವೆ ಅವರಿಗೆ ಜೊಂಪು ಹತ್ತುತ್ತಿತ್ತು. ನಾನು ಪೆನ್ಸಿಲ್ ಎತ್ತಿ ಹಿಡಿದು ಕಾಯುತ್ತಿದ್ದೆ. ಎಚ್ಚರವಾದಾಗ ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಮುಂದುವರಿಸುತ್ತಿದ್ದರು, ನಡುವೆ ಹೋದ ಕಾಲವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ. ಸೊಸೆ ಕಾಫಿ ತಂದಿಟ್ಟು, ಇವತ್ತು ಎಷ್ಟು ಸ್ಪೀಡ್ ಆಂಟಿ ಎಂದು ಕೇಳಿ, ನಮ್ಮ ಉತ್ತರಕ್ಕೆ ಕಾಯದೆ ಒಳಗೆ ಹೋಗುತ್ತಿದ್ದಳು.

ಕೈಗೆ ಏನು ವಾಪಸು ಬಂತೆಂಬುದು ನನಗೇ ಸೋಜಿಗ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ’ ಎಂಬ ಉದ್ದದ ಸರಪಳಿ ಪೆನ್ಸಿಲ್ ಎತ್ತದೆ ಒಂದೇ ಏಟಿಗೆ ಬಂದುಬಿಟ್ಟಿತು. ಉಪ್ಪು, ಹೊಸಿಲು, ತಂಗಿ ಇಂಥ ಮಾತು ಹೇಳಿದರೆ ಪೆನ್ಸಿಲ್ಲು ಗಾಳಿಯಲ್ಲೇ ನಿಲ್ಲುತ್ತಿತ್ತು. ಅಮ್ಮ ಎಂದು ಬರೆಯಲು ಹೇಗಿತ್ತು ಎಂದು ಕೇಳಬೇಕಾಯಿತು. ಬೋರಲು ಹಾಕಿದ ಬಟ್ಟಲಿನಂಥ ಒಂದು ಕಮಾನು, ಅಷ್ಟೆ. ಮೂವತ್ತಾರು ವರ್ಷ ನನ್ನ ತಲೆ ಯಾವುದನ್ನು ಒಪ್ಪವಾಗಿ ಮಡಚಿಟ್ಟುಕೊಂಡಿತ್ತು ನೋಡಿ.

ಈ ಲಿಪಿಯ ಒಂದು ಗುಟ್ಟನ್ನು ಇಲ್ಲಿ ಹೇಳಬೇಕು. ಇದರಲ್ಲಿ ವ್ಯಂಜನಗಳಿಗೆ ಗೀಟು, ಸ್ವರಗಳಿಗೆ ಪಕ್ಕದಲ್ಲಿ ಸಣ್ಣ ಚುಕ್ಕೆ. ಕಲಿಯುವಾಗ ಚುಕ್ಕೆ ಇಡಬೇಕು. ವೇಗ ಬಂದಮೇಲೆ ಬಿಟ್ಟುಬಿಡಬೇಕು. ಗೀಟುಗಳನ್ನಷ್ಟೇ ಎಳೆದುಕೊಂಡು ಹೋಗಿ, ಆಮೇಲೆ ಓದುವಾಗ ಸ್ವರಗಳನ್ನು ಸಂದರ್ಭ ನೋಡಿ ತುಂಬಿಕೊಳ್ಳಬೇಕು. ಬ-ರ ಎಂದಿದ್ದರೆ ಅದು ಬರವೂ ಆಗಬಹುದು, ಭಾರವೂ ಆಗಬಹುದು, ಬೇರೆ, ಬೇರು, ಬರೀ ಕೂಡ ಆಗಬಹುದು. ಸಾಹೇಬರು ಹೇಳಿದ್ದು ಅದೇ ಸಂಜೆ ಟೈಪ್ ಮಾಡುವುದಾದ್ದರಿಂದ ತೊಂದರೆ ಆಗುತ್ತಿರಲಿಲ್ಲ. ಮೇಷ್ಟ್ರು ಆಗೆಲ್ಲ ಮೇಜು ಕುಟ್ಟಿ ಹೇಳುತ್ತಿದ್ದುದು ಒಂದೇ ಮಾತು: ಸ್ಪೀಡು ಕೈಯಲ್ಲಿಲ್ಲ, ಬಿಡೋದ್ರಲ್ಲಿದೆ. ಬಿಡುವುದರಲ್ಲಿ ನನ್ನನ್ನು ಮೀರಿಸಿದವರು ನಮ್ಮ ಬ್ಯಾಚಿನಲ್ಲಿ ಯಾರೂ ಇರಲಿಲ್ಲ. ನನ್ನ ದಿನಚರಿಯ ಎಂಟು ನೋಟ್‌ಬುಕ್ಕಿನಲ್ಲಿ ಒಂದು ಚುಕ್ಕೆ ಹುಡುಕಿದರೆ ಸಿಗುವುದಿಲ್ಲ.

ಮೂರು ತಿಂಗಳಾದ ಮೇಲೆ ಮೇಷ್ಟ್ರು, ಈಗ ನಿನ್ನ ನೋಟ್‌ಬುಕ್ಕು ತಾ ಎಂದರು. ಮೊದಲನೆಯದನ್ನೇ ಕೊಂಡುಹೋದೆ. ಒಂದು ಮಧ್ಯಾಹ್ನಕ್ಕೆ ಒಂದು ಪುಟ. ಹೆಚ್ಚಿನದೆಲ್ಲ ನನ್ನ ಆಗಿನ ಗುಟ್ಟುಗಳು. ಇಷ್ಟು ಕಷ್ಟಪಟ್ಟು ಓದಿದರೆ ರೂಮ್‌ಮೇಟಿನ ಕೊಬ್ಬರಿ ಎಣ್ಣೆ ಕದ್ದು ಹಚ್ಚಿಕೊಂಡೆ ಎಂದಿರುತ್ತಿತ್ತು. ಐದನೆಯ ವಾರ ಓದಿದ ಪುಟದಲ್ಲಿ ಒಂದು ಭಾನುವಾರ ಬಂತು.

ಆ ಭಾನುವಾರ ಗೊತ್ತಾಗಬೇಕಾದರೆ ನಿಮಗೆ ಅಮ್ಮನ ಕಥೆ ಹೇಳಬೇಕು. ಅಥವಾ, ನಾನು ಯಾವಾಗಲೂ ಹೇಳುತ್ತ ಬಂದಿರುವ ಕಥೆಯನ್ನು.

ನಮ್ಮ ಮನೆ ಕುಣಿಗಲ್ಲಿನಲ್ಲಿ, ಕೆರೆಯ ಕಡೆಗೆ ಹೋಗುವ ಬೀದಿಯಲ್ಲಿ. ಅಮ್ಮನಿಗೆ ಓದು ಬರೆಹ ಇರಲಿಲ್ಲ. ಅವಳಿಗೆ ಅದರಿಂದ ಅಂಥ ಕೊರತೆಯೂ ಇದ್ದಂತೆ ಕಾಣಲಿಲ್ಲ. ತುಮಕೂರಿನಲ್ಲಿ ನನಗೆ ಕೆಲಸ ಸಿಕ್ಕಿ, ನಾನು ರೂಮು ಮಾಡಿಕೊಂಡಿದ್ದಾಗ, ಅವಳು ತಿಂಗಳಿಗೊಮ್ಮೆ ಹುರಿಟ್ಟು, ಚಟ್ನಿಪುಡಿ ಕಟ್ಟಿಕೊಂಡು ನೋಡಲು ಬರುತ್ತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಯಾರನ್ನೂ ಕೇಳಬಾರದೆಂಬುದು ಅವಳ ಹಟ. ಬೋರ್ಡಿನ ಆಕಾರ ನೋಡಿ ಹತ್ತುತ್ತಿದ್ದಳು. ಮೊದಲಿಗೆ ಒಂದು ಸುರುಳಿ, ಕೊನೆಗೆ ಉದ್ದ ಬಾಲದ ಎರಡು ಅಕ್ಷರ, ಅದೇ ತುಮಕೂರು. ಒಂದು ದಿನ ಹಾಗೆ ನೋಡಿ ಹತ್ತಿದ ಬಸ್ಸು ತಿಪಟೂರಿನದು. ನೀವೇ ಬರೆದು ನೋಡಿ: ತುಮಕೂರು, ತಿಪಟೂರು. ಮೊದಲಲ್ಲಿ ಅದೇ ತ, ಕೊನೆಯಲ್ಲಿ ಅದೇ ಊರು. ತುರುವೇಕೆರೆ ತಲುಪಿದಾಗ ಅವಳಿಗೆ ಇದು ಬೇರೆ ದಾರಿ ಎಂದು ಗೊತ್ತಾಗಿ, ಅಲ್ಲಿಂದ ಬಸ್ಸು ಬದಲಿಸುತ್ತ ಬದಲಿಸುತ್ತ ದೀಪ ಹಚ್ಚುವ ಹೊತ್ತಿಗೆ ನನ್ನ ರೂಮಿಗೆ ಬಂದಳು. ಒಂದೇ ದಿನದಲ್ಲಿ ಜಿಲ್ಲೆಯೆಲ್ಲಾ ನೋಡ್ಕೊಂಡು ಬಂದೆ ಎಂದು ನಗುತ್ತಿದ್ದಳು. ಕೂತವಳು ಕಾಲು ನೀವಿಕೊಳ್ಳುತ್ತ, ನಗು ನಿಂತ ಮೇಲೆ, “ನಂಗೂ ನಾಕಕ್ಷರ ಹೇಳ್ಕೊಡೇ” ಎಂದಳು.

ಅಮ್ಮನಿಗೆ ಆಗ ಐವತ್ತೆರಡು. ಈಗ ಲೆಕ್ಕ ಹಾಕಿದರೆ, ಇವತ್ತಿನ ನನಗಿಂತ ಹತ್ತು ವರ್ಷ ಚಿಕ್ಕವಳು. ಆದರೆ ಅವತ್ತು ನನ್ನ ಕಣ್ಣಿಗೆ ಅವಳು ಕಲಿಯುವ ವಯಸ್ಸು ಮುಗಿಸಿದ ಮುದುಕಿ.

ಭಾನುವಾರಗಳಂದು ಊರಿಗೆ ಹೋಗಿ ಪಾಠ ಶುರು ಮಾಡಿದೆ. ಅ ಆ ಇ ಈ ಬೇಡ, ಬಸ್ಸಿನ ಬೋರ್ಡಿನಿಂದಲೇ ಆರಂಭಿಸೋಣ ಎಂಬುದು ನನ್ನ ಜಾಣತನ. ಮೊದಲ ಪಾಠ ತ. ಸ್ಲೇಟಿನ ಮೇಲೆ ಬಳಪ ಕೀಚಲು ಸದ್ದು ಮಾಡಿದರೆ ಅಮ್ಮನಿಗೆ ಹಲ್ಲು ಚುಮ್ಮೆನ್ನುತ್ತಿತ್ತು. ಅದಕ್ಕೆ ಮೊರದಲ್ಲಿ ರಾಗಿಹಿಟ್ಟು ತೆಳ್ಳಗೆ ಹರವಿಕೊಂಡು ಅದರಲ್ಲಿ ಬೆರಳಿನಿಂದ ಬರೆಯುತ್ತಿದ್ದಳು. ತಪ್ಪಿದರೆ ಮೊರವನ್ನು ಒಂದು ಸಲ ಅಲ್ಲಾಡಿಸಿದರೆ ಸಾಕು, ಬರೆದದ್ದೆಲ್ಲ ಮಾಯ. ಮಧ್ಯಾಹ್ನದ ಬಿಸಿಲು ಹೊಸಿಲಿನಿಂದ ಒಳಗೆ ಬಂದು ಆ ಹಿಟ್ಟಿನ ಮೇಲೆ ಬೀಳುತ್ತಿತ್ತು. ಅವಳ ಬೆರಳು ಅದರಲ್ಲಿ ಬಹಳ ನಿಧಾನವಾಗಿ, ಮಗುವಿನ ಕೆನ್ನೆ ಸವರುವಂತೆ, ಸುತ್ತುತ್ತಿತ್ತು. ಈ ಚಿತ್ರ ನಿಜವಾಗಿ ಕಂಡದ್ದೋ, ಆಮೇಲೆ ನಾನೇ ಬಿಸಿಲು ಸೇರಿಸಿಕೊಂಡೆನೋ, ಹೇಳಲಾರೆ. ಅಮ್ಮನ ನೆನಪಿನಲ್ಲೆಲ್ಲ ಈಚೆಗೆ ಬಿಸಿಲು ಜಾಸ್ತಿಯಾಗಿದೆ.

ನಾನು ಹೇಳುತ್ತ ಬಂದ ಕಥೆಯಲ್ಲಿ, ನಾಲ್ಕನೆಯ ಭಾನುವಾರ ಅಮ್ಮ ಮೊರವನ್ನು ಪಕ್ಕಕ್ಕೆ ತಳ್ಳಿ, “ನಂಗೆ ಬರಲ್ಲ ಬುಡು” ಎಂದು ಎದ್ದುಹೋದಳು. ಅಲ್ಲಿಗೆ ಪಾಠ ಮುಗಿಯಿತು. ನನ್ನ ನಿವೃತ್ತಿಯ ಸಮಾರಂಭದಲ್ಲೂ ಇದನ್ನು ಹೇಳಿದೆ. ನನ್ನ ಏಕೈಕ ವಿದ್ಯಾರ್ಥಿನಿ ನಾಲ್ಕೇ ವಾರಕ್ಕೆ ಶಾಲೆ ಬಿಟ್ಟಳು ಎಂದಾಗ ಎಲ್ಲರೂ ನಕ್ಕರು. ಅಮ್ಮ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ತಿದ್ದುವವರು ಯಾರೂ ಇರಲಿಲ್ಲ.

ಈಗ ಗುಬ್ಬಿಯ ವರಾಂಡದಲ್ಲಿ, ಮೇಷ್ಟ್ರ ಎದುರು, ಆ ಭಾನುವಾರವನ್ನು ಒಂದೊಂದೇ ಗೀಟಾಗಿ ಬಿಡಿಸಿದೆ. ಓದಲು ಮುಕ್ಕಾಲು ಗಂಟೆ ಹಿಡಿಯಿತು. ಬರೆಯಲು ಅರ್ಧ ನಿಮಿಷವೂ ಆಗಿರಲಾರದು. ಅದು ಇಷ್ಟೇ: ಭಾನುವಾರ, ಕುಣಿಗಲ್. ಅಮ್ಮ ಇಪ್ಪತ್ತು ಸಲ ಬರೆದರೂ ತ ಸರಿಯಾಗಲಿಲ್ಲ. ನಾನು ರೇಗಿದೆ. ಅಮ್ಮ ಅಂದದ್ದು, ಬ-ರ-ಲ ಬ-ಡ. ಐದರ ಬಸ್ಸಿಗೆ ಬಂದುಬಿಟ್ಟೆ.

ರೇಗಿದೆ ಎಂಬ ಮಾತನ್ನು ಮತ್ತೊಮ್ಮೆ ಓದಿದೆ. ನನ್ನ ಕಥೆಯಲ್ಲಿ ನಾನು ಎಲ್ಲೂ ರೇಗಿರಲಿಲ್ಲ. ಎದ್ದುಹೋದವಳು ಅಮ್ಮ ಎಂದುಕೊಂಡಿದ್ದೆ. ಎದ್ದುಬಂದವಳು ನಾನು ಎಂದು ನನ್ನದೇ ಕೈಬರಹ ಹೇಳುತ್ತಿತ್ತು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಅಮ್ಮನ ಆ ಎರಡು ಮಾತಿನ ಗೀಟುಗಳ ಮೇಲೆ ಬಗ್ಗಿದರು.

“ಏನಂತ ಓದ್ತೀಯಮ್ಮ ಇದನ್ನ?”

“ಬರಲ್ಲ ಬುಡು, ಅಂತ ಸಾರ್.”

“ಬರ್ಲಿ ಬುಡು ಅಂತಾನೂ ಓದ್ಬಹುದಲ್ಲ.”

ನೋಡಿದೆ. ಓದಬಹುದು. ಬರಲ್ಲ, ಬರಲಿ. ಎರಡಕ್ಕೂ ಅದೇ ಬ, ಅದೇ ರ, ಅದೇ ಲ. ಕೊನೆಯಲ್ಲಿ ಒಂದು ಚುಕ್ಕೆ ಇದ್ದಿದ್ದರೆ ಯಾವುದೆಂದು ಹೇಳುತ್ತಿತ್ತು. ಒಂದು ಮಾತಿನಲ್ಲಿ ಅಮ್ಮ ಕೈಬಿಟ್ಟಳು. ಇನ್ನೊಂದು ಮಾತಿನಲ್ಲಿ ಅವಳು, ಬೆರಳಿಗೆಲ್ಲ ಹಿಟ್ಟು ಮೆತ್ತಿಕೊಂಡು, ರೇಗಿದ ಮಗಳಿಗೆ ಸಮಾಧಾನ ಹೇಳುತ್ತಿದ್ದಳು: ನಿಧಾನಕ್ಕೆ ಬರಲಿ, ಅವಸರ ಯಾಕೆ ಎಂದು. ನಾನು ಬಸ್ಸಿಗೆ ಎದ್ದೆ. ಹೀಗೂ ಇರಬಹುದು, ಹಾಗೂ ಇರಬಹುದು. ಅವಳ ಧ್ವನಿಯನ್ನು ನೆನಪು ಮಾಡಿಕೊಳ್ಳಲು ಯತ್ನಿಸಿದೆ. ಬರಲ್ಲ ಎಂದೂ ಕೇಳಿಸಿತು, ಬರ್ಲಿ ಎಂದೂ ಕೇಳಿಸಿತು. ಕೇಳಿದ ಹಾಗೆಲ್ಲ ಅಮ್ಮ ಹೇಳುತ್ತಿದ್ದಳು. ಇಂಥ ಸಾಕ್ಷಿಯನ್ನು ಯಾವ ಕೋರ್ಟೂ ಒಪ್ಪುವುದಿಲ್ಲ.

ಮೇಷ್ಟ್ರು ಮುಂದಿನ ಪುಟ ತಿರುಗಿಸಿದರು. ಅದರ ಮುಂದಿನ ಭಾನುವಾರ ನಾನು ಊರಿಗೆ ಹೋಗಿರಲಿಲ್ಲ; ಕೆಲಸ ಸಿಕ್ಕಮೇಲೂ ಸ್ಪೀಡು ಹೆಚ್ಚಿಸಿಕೊಳ್ಳಲು ಇನ್‌ಸ್ಟಿಟ್ಯೂಟಿಗೆ ಹೋಗುತ್ತಿದ್ದ ಕಾಲ ಅದು. ಭಾನುವಾರ, ಇನ್‌ಸ್ಟಿಟ್ಯೂಟ್, ಸ್ಪೀಡ್ ಟೆಸ್ಟ್, ನೂರಿಪ್ಪತ್ತು, ಒಂದೂ ತಪ್ಪಿಲ್ಲ ಎಂದಿತ್ತು. ಮೇಷ್ಟ್ರಿಗೆ ಹೆಮ್ಮೆಯಾಯಿತು. ಅವತ್ತು ಟೈಮ್ ನೋಡಿದೋನು ನಾನೇ ಕಣಮ್ಮ ಎಂದರು. ಆಮೇಲೆ ನನ್ನ ಮುಖ ನೋಡಿ, ಹಿಂದಿನ ಪುಟಕ್ಕೇ ವಾಪಸು ಬಂದು, ಸಂದರ್ಭ ಗೊತ್ತಿಲ್ಲದೆ ಇದನ್ನು ಓದಕ್ಕಾಗಲ್ಲ, ಅಲ್ಲಿದ್ದೋರು ಯಾರಾದರೂ ಇದಾರಾ ಎಂದು ಕೇಳಿದರು.

ಇದ್ದದ್ದು ನಮ್ಮಕ್ಕ ಒಬ್ಬಳೇ. ನನಗಿಂತ ಎಂಟು ವರ್ಷ ದೊಡ್ಡವಳು. ಕುಣಿಗಲ್ಲಿನಲ್ಲೇ ಎರಡು ಬೀದಿ ಆಚೆ ಮದುವೆಯಾಗಿ ಹೋದವಳು, ಆಗೆಲ್ಲ ಭಾನುವಾರ ತಪ್ಪದೆ ತೌರಿಗೆ ಬಂದು ಕೂರುತ್ತಿದ್ದಳು. ಫೋನಿನಲ್ಲಿ ಕೇಳುವ ವಿಷಯವಲ್ಲವೆನ್ನಿಸಿ ಆ ಶನಿವಾರ ಕುಣಿಗಲ್ ಬಸ್ಸು ಹತ್ತಿದೆ.

ಅಕ್ಕ ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಕೂತೆ. ಅವಳು ನಾಲ್ಕು ಸುಲಿಯುವಷ್ಟರಲ್ಲಿ ನಾನು ಎರಡು. ಸರ್ಕಾರಿ ಕೈ ಎಂದು ಅಣಕಿಸಿದಳು. ಕೆರೆಯ ಕಡೆಯಿಂದ ಗಾಳಿ ಬಂದು ಸಿಪ್ಪೆಗಳನ್ನು ಜಗಲಿಯ ತುಂಬ ಸರಿಸುತ್ತಿತ್ತು. ನಾನು ಸುತ್ತಿ ಬಳಸಿ ಆ ಭಾನುವಾರಕ್ಕೆ ಬಂದೆ. ಅಮ್ಮ ಏನಂದಳು ಅಕ್ಕ, ಬರಲ್ಲ ಬುಡು ಅಂದಳಾ, ಬರ್ಲಿ ಬುಡು ಅಂದಳಾ?

“ನಲವತ್ತು ವರ್ಷದ ಮಾತು ಯಾವೋಳಿಗೆ ಗ್ಯಾಪ್ಕ ಇರುತ್ತೆ ಕಣೇ,” ಎಂದಳು ಅಕ್ಕ. ಒಂದು ಕಾಯಿ ಸುಲಿದಳು. ಇನ್ನೊಂದು ಸುಲಿದಳು. “ನೀನು ಹೋದಿದ್ದು ಗೊತ್ತು. ಅದ್ರ ಮುಂದಿನ ವಾರದ್ದು ಗೊತ್ತು.”

ಮುಂದಿನ ವಾರ ನಾನು ಬಂದಿರಲಿಲ್ಲವಲ್ಲ ಎಂದೆ.

“ನೀನು ಬರ್ಲಿಲ್ಲ. ಅವ್ಳು ಕೂತಿದ್ಲಲ್ಲ. ಊಟ ಆದೇಟ್ಗೆ ಮೊರದಲ್ಲಿ ಹಿಟ್ಟು ಹರವ್ಕೊಂಡು ಹೊಸ್ಲಲ್ಲಿ ಕೂತ್ಲು. ಈಗ ಬತ್ತಾಳೆ, ಈಗ ಬತ್ತಾಳೆ ಅಂತ. ಐದರ ಬಸ್ಸೂ ಹೋಯ್ತು. ಆಮೇಲೆ ಎದ್ದು ಅದೇ ಹಿಟ್ಟು ತೊಳಸಿ ಮುದ್ದೆ ಮಾಡುದ್ಲು.”

ನಾನೂ ಒಂದು ಕಾಯಿ ಸುಲಿದೆ. ಆಮೇಲೆ, ಸಾಕ್ಷಿ ಕೇಳುವ ನನ್ನ ಕೆಟ್ಟ ಅಭ್ಯಾಸ, ನಿನಗೆ ಇದೆಲ್ಲ ಹೇಗೆ ನೆನಪಿದೆ ಅಕ್ಕ, ಬೇರೆ ಯಾವುದೋ ದಿನದ್ದಿರಬಹುದಲ್ಲ ಎಂದೆ.

“ಮಧ್ಯಾನವೆಲ್ಲ ಬಾಗ್ಲಲ್ಲಿಟ್ಕಂಡಿದ್ದ ಹಿಟ್ಟು, ಬೀದಿ ಧೂಳೆಲ್ಲ ಸೇರ್ಕಂಡಿತ್ತು. ಮುದ್ದೆ ಕರಕರ ಅಂತಿತ್ತು. ನಾನು ಬೈದೆ ಅವ್ಳಿಗೆ. ಮಾತು ಮರೀತೀನಿ ಕಣೇ ನಾನು, ಹಲ್ಲಿಗೆ ಸಿಕ್ಕಿದ್ದು ಮರೆಯಲ್ಲ.”

ಅದನ್ನು ನಾನು ನಂಬಿದೆ. ನನ್ನ ನೆನಪಿನ ಬಿಸಿಲಿಗಿಂತ ಅಕ್ಕನ ಹಲ್ಲಿಗೆ ಸಿಕ್ಕ ಮಣ್ಣು ಗಟ್ಟಿ. ಬರಲ್ಲ ಎಂದು ಕೈಚೆಲ್ಲಿದವಳು ಮುಂದಿನ ಭಾನುವಾರ ಮೊರ ಹಿಡಿದು ಹೊಸಿಲಲ್ಲಿ ಕೂರುವುದಿಲ್ಲ. ಅವತ್ತು ಆ ಹೊತ್ತಿಗೆ ತುಮಕೂರಿನ ಮಹಡಿಯ ಮೇಲೆ ನಾನು ಸ್ವರಗಳನ್ನೆಲ್ಲ ಬಿಟ್ಟು ಬಿಟ್ಟು ಓಡುತ್ತಿದ್ದೆ, ಒಂದೂ ತಪ್ಪಿಲ್ಲದೆ.

ಅಕ್ಕ ಕಾಳಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದಳು. ಅಮ್ಮನಿಗೆ ಆ ಒಂದಕ್ಷರ ಬಂದಿತ್ತಂತೆ. ಅದೇ ಮೊರದಲ್ಲಿ ಒಬ್ಬಳೇ ತಿದ್ದಿ ತಿದ್ದಿ, ಎಷ್ಟು ವಾರವೋ ತಿಂಗಳೋ, ತ ಬಂದಿತ್ತು. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡುಗಳ ಕೆಳಗೆ ನಿಂತು ನಿಂತು ಉಳಿದದ್ದನ್ನು ತಾನೇ ಹುಡುಕಿಕೊಂಡಳು. ತಲೆ ಮೇಲೆ ಗುಡಿಸು ಇದ್ದರೆ ತಿ, ಪಕ್ಕದಲ್ಲಿ ಕೊಂಬು ಇದ್ದರೆ ತು. “ಕೊಂಬಿದ್ರೆ ತುಮ್ಕೂರು, ಕೊಂಬಿದ್ರೆ ನಮ್ಮುಡ್ಗಿ ಊರು ಅಂತ ಹೇಳ್ಕೊಂಡು ಹತ್ತೋಳು. ನಿಂಗೆ ಹೇಳಿರ್ಲಿಲ್ವ?”

ಹೇಳಿರಲಿಲ್ಲ. ತಿಪಟೂರಿನ ಘಟನೆಯ ಮೇಲೆ ಅಮ್ಮ ಎಂದೂ ಬಸ್ಸು ತಪ್ಪಿ ಹತ್ತಲಿಲ್ಲ, ಅದು ನಿಜ. ಯಾರನ್ನೋ ಕೇಳಿಕೊಂಡು ಬರಲು ಕಲಿತಳು ಎಂದು ನಾನು ಎಣಿಸಿದ್ದೆ. ಯಾಕೆ ಹೇಳಲಿಲ್ಲ ಎಂದು ಅಕ್ಕನನ್ನು ಕೇಳಿದರೆ, ಒಂದೇ ಅಕ್ಷರ ಅಲ್ವ, ನಿನ್ನ ಮುಂದೆ ಏನಂತ ಹೇಳ್ತಾಳೆ ಎಂದಳು. ಆಮೇಲೆ ಕುಕ್ಕರ್ ಕೂಗಿತು.

ವಾಪಸು ಬರುವಾಗ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟೆ. ಬೋರ್ಡುಗಳ ಕೆಳಗೆ, ಓದಲು ಬಾರದವಳಂತೆ ನಿಲ್ಲಲು ಪ್ರಯತ್ನಿಸಿದೆ. ಆಗಲಿಲ್ಲ. ಕಣ್ಣು ಬಿದ್ದ ಕೂಡಲೇ ಅಕ್ಷರಗಳೆಲ್ಲ ಸೇರಿ ಊರಾಗಿಬಿಡುತ್ತಿದ್ದವು. ಕಣ್ಣನ್ನು ಅರ್ಧ ಮುಚ್ಚಿ, ಕನ್ನಡಕ ತೆಗೆದು, ಬಹಳ ಹೊತ್ತು ನೋಡಿದಮೇಲೆ, ಒಂದು ಕ್ಷಣ, ಮಂಜಿನಲ್ಲಿ, ತ ಎಂಬ ಸುರುಳಿ ಮತ್ತು ಅದರ ಪಕ್ಕಕ್ಕೆ ಅಂಟಿಕೊಂಡ ಒಂದು ಸಣ್ಣ ಕೊಂಬು ಮಾತ್ರ ಕಂಡವು. ಜಾಗ ಬೇಕೇನಮ್ಮ, ಹತ್ತಿ ಎಂದು ಕಂಡಕ್ಟರು ಗದರಿದ. ಹತ್ತಿದೆ.

ಗುರುವಾರ ಗುಬ್ಬಿಗೆ ಹೋದಾಗ ಇದನ್ನೆಲ್ಲ ಮೇಷ್ಟ್ರಿಗೆ ಹೇಳಿದೆ. ಆ ಸ್ಪೀಡ್ ಟೆಸ್ಟಿನ ಭಾನುವಾರದ್ದನ್ನೂ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಮಲಗಿಬಿಟ್ಟರು ಎಂದುಕೊಂಡೆ. ಅಂಗಳದ ಕೊಬ್ಬರಿಯ ಮೇಲಿನ ಬಿಸಿಲು ಒಂದು ಗೇಣು ಸರಿಯಿತು.

“ಹಾಗಾದ್ರೆ ಸ್ವರ ಹಾಕ್ಬಿಡಮ್ಮ,” ಎಂದರು, ಕಣ್ಣು ತೆರೆಯದೆ. “ಪೆನ್ಸಿಲ್‌ನಲ್ಲಿ ಹಾಕು. ನಿಮ್ಮಕ್ಕಂದೂ ನೆನಪೇ ತಾನೇ.”

ನೋಟ್‌ಬುಕ್ಕು ತೆರೆದು ಆ ಪುಟ ತೊಡೆಯ ಮೇಲಿಟ್ಟುಕೊಂಡೆ. ಪೆನ್ಸಿಲ್ ಚೂಪು ಮಾಡಿಕೊಂಡೆ. ಇಕಾರದ ಚುಕ್ಕೆ ಗೀಟಿನ ಎಡಕ್ಕೋ ಬಲಕ್ಕೋ, ತುದಿಯಲ್ಲೋ ನಡುವೆಯೋ, ಹೊಳೆಯಲಿಲ್ಲ. ಹೋದ ವಾರವಷ್ಟೇ ಬರೆದಿದ್ದೆ. ಮೇಷ್ಟ್ರಿಗೆ ಗೊತ್ತಿತ್ತು. ಕೇಳಿದ್ದರೆ ಹೇಳುತ್ತಿದ್ದರು. ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಪೆನ್ಸಿಲ್ಲಿನ ತುದಿ ಆ ಹಳೆಯ ಕಾಗದದ ಮೇಲೆ, ಮುಟ್ಟಿಯೂ ಮುಟ್ಟದೆ, ನಿಂತೇ ಇತ್ತು. ಒಳಗೆ ಸೊಸೆ ಪಾತ್ರೆ ತೊಳೆಯುವ ಸದ್ದು ನಿಂತಿತು. ದೂರದಲ್ಲಿ ತುಮಕೂರಿನ ಕಡೆಗೆ ಹೋಗುವ ರೈಲು ಕೂಗಿತು. ಐದು ಗಂಟೆ.

ಮೇಷ್ಟ್ರು ಒಂದು ಕಣ್ಣು ತೆರೆದರು. “ನಿನ್ನ ರೈಲು ಬಂತಲ್ಲಮ್ಮ.”

“ಬರ್ಲಿ ಬಿಡಿ, ಸಾರ್.”